ಪಾಚಿ ತಿನ್ನುವ ಮೀನಿಗೂ ಊಟ ಹಾಕಬೇಕು

ಅಕ್ವೇರಿಯಂ ಅಂಗಡಿಯಲ್ಲಿ ಸಕ್ಕರ್ ಮೀನನ್ನು ಕವರಿಗೆ ಹಾಕಿಕೊಡುವಾಗ ಹೇಳುವ ಮಾತು ಒಂದೇ: ‘ಇದಕ್ಕೇನೂ ಹಾಕಬೇಡಿ, ಪಾಚಿ ತಿಂದುಕೊಂಡು ಇರುತ್ತೆ.’ ಮನೆಗಳಲ್ಲಿ ಈ ಜಾತಿಯ ಮೀನುಗಳು ಸೊರಗಿ ಸಾಯುವುದಕ್ಕೆ ಈ ಮಾತೇ ದೊಡ್ಡ ಕಾರಣ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಪಾಚಿ ತೆಗೆಯಲೆಂದು ತಂದ ಮೀನಿನ ಕೆಲಸ ಮುಗಿದು ಗಾಜು ಫಳಫಳ ಹೊಳೆಯುವ ದಿನ ನಾವು ಖುಷಿಪಡುತ್ತೇವೆ. ಅದರ ಉಪವಾಸ ಶುರುವಾಗುವುದೂ ಅದೇ ದಿನ. ಹೊಸ ತೊಟ್ಟಿಯಲ್ಲಿ ಕಾಣುವ ಕಂದು ಪಾಚಿಯಂತೂ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ಅದನ್ನೇ ನಂಬಿಕೊಂಡ ಮೀನು ಆಮೇಲೆ ಏನು ತಿನ್ನಬೇಕು?

ಓಟೊಸಿಂಕ್ಲಸ್ ಎಂಬ ಪುಟ್ಟ ಮೀನನ್ನೇ ನೋಡಿ. ಬೆಳೆದರೂ ಸುಮಾರು 4 ಸೆಂಟಿಮೀಟರ್. ದಕ್ಷಿಣ ಅಮೆರಿಕದ ನದಿಗಳಲ್ಲಿ ಹಿಡಿದು ದೇಶ ದಾಟಿಸಿ ತಂದವೇ ಹೆಚ್ಚು, ದಾರಿಯುದ್ದಕ್ಕೂ ಹಸಿವು. ಅದು ಗಾಜಿಗೆ ಬಾಯಿ ಅಂಟಿಸಿ ನಿಂತಾಗ ಹೊಟ್ಟೆ ನಮ್ಮ ಕಡೆಗೇ ಇರುತ್ತದೆ. ತುಂಬಿದ್ದರೆ ಬೆಳ್ಳಗೆ ಉಬ್ಬಿಕೊಂಡಿರುತ್ತದೆ. ಹಸಿದಿದ್ದರೆ ಪಕ್ಕೆಗಳ ನಡುವೆ ಗುಳಿ ಬಿದ್ದಿರುತ್ತದೆ. ಇಷ್ಟು ಸ್ಪಷ್ಟವಾಗಿ ಕಾಣುವುದನ್ನು ನಾವು ನೋಡುವುದಿಲ್ಲ, ಏಕೆಂದರೆ ಬಾಯಿ ಆಡುತ್ತಲೇ ಇರುತ್ತದೆ. ಬಾಯಾಡಿಸುವ ಮೀನು ತಿನ್ನುತ್ತಿದೆ ಎಂದುಕೊಳ್ಳುತ್ತೇವೆ. ಅದು ಬರಿ ಗಾಜನ್ನು ಕೆರೆಯುತ್ತಿರುತ್ತದೆ.

‘ಹೊಳೆಯಲ್ಲಿ ಯಾರು ಊಟ ಹಾಕುತ್ತಾರೆ?’ ಎಂದು ಕೇಳುವವರಿದ್ದಾರೆ. ಹೊಳೆಯಲ್ಲಿ ಕಲ್ಲು, ಬೇರು, ಬಿದ್ದ ಮರ, ಎಲ್ಲದರ ಮೇಲೂ ಪಾಚಿ ಮತ್ತೆ ಮತ್ತೆ ಬೆಳೆಯುತ್ತದೆ, ಮೀನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೇಯುತ್ತಾ ಹೋಗುತ್ತದೆ. ಎರಡಡಿ ತೊಟ್ಟಿಯಲ್ಲಿ ಆ ಮೇವಿಲ್ಲ. ಇವುಗಳ ಕರುಳು ಉದ್ದ, ಸುರುಳಿ ಸುತ್ತಿಕೊಂಡದ್ದು. ಸತ್ವ ಕಡಿಮೆ ಇರುವ ಸೊಪ್ಪುಸದೆಯನ್ನು ದಿನವಿಡೀ ಸ್ವಲ್ಪಸ್ವಲ್ಪವಾಗಿ ಅರಗಿಸಲು ಆದದ್ದು. ಹಾಗಾಗಿ ಬೇರೆ ಮೀನುಗಳಿಗೆ ಹಾಕಿದ ಫ್ಲೇಕ್ಸ್‌ನಲ್ಲಿ ಉಳಿದದ್ದು ಸಾಕೆನ್ನುವ ವಾದವೂ ನಿಲ್ಲುವುದಿಲ್ಲ. ಅದರಲ್ಲಿ ಪ್ರೋಟೀನು ಹೆಚ್ಚು. ಮೇಲಾಗಿ ತಳ ಮುಟ್ಟುವ ಮೊದಲೇ ಉಳಿದ ಮೀನುಗಳು ಅದನ್ನು ನುಂಗಿರುತ್ತವೆ.

ಇನ್ನೊಂದು ಆಕ್ಷೇಪಕ್ಕೆ ತೂಕವಿದೆ: ಹೊಟ್ಟೆ ತುಂಬಿದರೆ ಮೀನು ಪಾಚಿ ಮುಟ್ಟುವುದಿಲ್ಲ ಎನ್ನುವುದು. ಸ್ವಲ್ಪ ನಿಜವೇ, ಬೇಕಾಬಿಟ್ಟಿ ಸುರಿದರೆ ಹಾಗಾಗುತ್ತದೆ. ಆದರೆ ಗಾಜಿನ ಮೇಲೆ ಗಟ್ಟಿಯಾಗಿ ಕೂತ ಹಸಿರು ಚುಕ್ಕೆ, ಗಿಡದ ಅಂಚಿನ ಕಪ್ಪು ಗಡ್ಡದಂಥ ಪಾಚಿ, ಇವನ್ನು ಹಸಿದಿದ್ದರೂ ಹೆಚ್ಚಿನ ಸಕ್ಕರ್‌ಗಳು ತಿನ್ನುವುದಿಲ್ಲ. ಪಾಚಿ ಬರುವುದು ಬೆಳಕು ಹೆಚ್ಚಾಗಿ, ನೀರಿನಲ್ಲಿ ಹೊಲಸು ಸೇರಿ. ಮೀನು ತಿಂದ ಪಾಚಿಯ ಸಾರವೂ ಹಿಕ್ಕೆಯಾಗಿ, ಅಮೋನಿಯವಾಗಿ ಅದೇ ನೀರಿಗೆ ಮರಳುತ್ತದೆ. ದೀಪವನ್ನು ದಿನಕ್ಕೆ 6ರಿಂದ 8 ಗಂಟೆಗೆ ಇಳಿಸುವುದು, ವಾರಕ್ಕೊಮ್ಮೆ ಒಂದಷ್ಟು ನೀರು ಬದಲಿಸುವುದು, ಸ್ಪಾಂಜಿನಿಂದ ಗಾಜು ಒರೆಸುವುದು ನಮ್ಮ ಕೆಲಸ. ಅದನ್ನು ಹಸಿದ ಮೀನಿನ ಬೆನ್ನಿಗೆ ಹೊರಿಸುವುದು ಅನ್ಯಾಯ.

ಊಟವೇನೂ ದುಬಾರಿಯಲ್ಲ. ಸೌತೆಕಾಯಿ ಬಿಲ್ಲೆ, ಪಾಲಕ್ ಎಲೆ, ಸಿಪ್ಪೆ ಸುಲಿದ ಹಸಿ ಬಟಾಣಿ. ಔಷಧಿ ಹೊಡೆದಿರುತ್ತಾರೆ, ಚೆನ್ನಾಗಿ ತೊಳೆಯಬೇಕು. ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ, ತಣ್ಣಗಾದ ಮೇಲೆ ಸ್ಟೀಲ್ ಫೋರ್ಕಿಗೆ ಚುಚ್ಚಿ ತಳಕ್ಕೆ ಬಿಡಬೇಕು. ಸಕ್ಕರ್ ಜಾತಿಯಲ್ಲಿ ಹೆಚ್ಚಿನವು ರಾತ್ರಿ ಮೇಯುವವು, ಆದ್ದರಿಂದ ದೀಪ ಆರಿಸಿದ ಮೇಲೆ. ಮಾರನೆಯ ಬೆಳಿಗ್ಗೆ ಉಳಿದದ್ದನ್ನು ತೆಗೆದುಬಿಡಿ. ತಿರುಳು ಹೋಗಿ ಸಿಪ್ಪೆಯ ಬಳೆಯೊಂದೇ ಫೋರ್ಕಿನಲ್ಲಿ ನೇತಾಡುತ್ತಿದ್ದರೆ, ಅವತ್ತಿನ ರಾತ್ರಿಗೂ ಒಂದು ಬಿಲ್ಲೆ ಬೇಕು.