ಬ್ರೇಕ್ ಪ್ಯಾಡ್ ಬದಲಿಸುವಾಗ ಶಿಮ್ ಬೇಕೇ?

ಬ್ರೇಕ್ ಪ್ಯಾಡ್‌ನ ಹಿಂಬದಿಯ ಉಕ್ಕಿನ ತಟ್ಟೆಗೂ ಕ್ಯಾಲಿಪರ್ ಪಿಸ್ಟನ್‌ಗೂ ನಡುವೆ ಕೂರುವ ತೆಳು ಹಾಳೆಯೇ ಶಿಮ್. ಸಾಮಾನ್ಯವಾಗಿ ಇದು ರಬ್ಬರ್ ಲೇಪವಿರುವ ಉಕ್ಕಿನ ಹಾಳೆ. ಇದಿಲ್ಲದಿದ್ದರೂ ಕಾರು ನಿಲ್ಲುತ್ತದೆ. ಆದ್ದರಿಂದಲೇ ಅನೇಕ ಮೆಕ್ಯಾನಿಕ್‌ಗಳು ಹಳೆಯ ಪ್ಯಾಡ್ ಜೊತೆ ಶಿಮ್ಮನ್ನೂ ಎಸೆದುಬಿಡುತ್ತಾರೆ. ಅದು ಸರಿಯಲ್ಲ. ಡಿಸ್ಕ್‌ಗೆ ಉಜ್ಜಿದಾಗ ಪ್ಯಾಡ್ ಸೆಕೆಂಡಿಗೆ ಸಾವಿರಾರು ಬಾರಿ ಕಂಪಿಸಬಲ್ಲದು, ಆ ಕಂಪನವೇ ಕಿವಿಗೆ ಕೀಚಲು ಸದ್ದಾಗಿ ಕೇಳುವುದು. ಶಿಮ್‌ನ ರಬ್ಬರ್ ಪದರ ಅದನ್ನು ಹೀರಿಕೊಳ್ಳುತ್ತದೆ.

ಹೊಸ ಪ್ಯಾಡ್ ಕೊಂಡಾಗ ಮೊದಲು ಅದರ ಬೆನ್ನು ನೋಡಬೇಕು. ಶಿಮ್ ಅಂಟಿಸಿಯೇ ಬಂದಿದ್ದರೆ ಹಳೆಯದನ್ನು ಅದರ ಮೇಲೆ ಹಾಕಲೇಬಾರದು. ಹಾಕಿದರೆ ದಪ್ಪ ಹೆಚ್ಚಿ ಪ್ಯಾಡ್ ಡಿಸ್ಕ್‌ಗೆ ತಾಗಿಕೊಂಡೇ ಇದ್ದು ಚಕ್ರ ಬಿಸಿಯಾಗಬಹುದು. ಶಿಮ್ ಇಲ್ಲದೆ ಬಂದಿದ್ದು, ಕಾರಿನಲ್ಲಿ ಮೊದಲು ಬಿಡಿ ಶಿಮ್ ಇದ್ದರೆ, ಅದನ್ನು ಮತ್ತೆ ಹಾಕಬಹುದು. ಆದರೆ ತುಕ್ಕು ಹಿಡಿದಿದ್ದರೆ, ಬಾಗಿದ್ದರೆ, ಕಪ್ಪು ಲೇಪ ಸಿಪ್ಪೆಯಂತೆ ಎದ್ದಿದ್ದರೆ ಹೊಸದೇ ಬೇಕು, ಅದೂ ಆ ಮಾಡೆಲ್‌ಗೆ ಹೊಂದುವಂಥದು.

ತಯಾರಕರು ಸೂಚಿಸಿದ ಜಾಗಗಳಿಗೆ ಮಾತ್ರ ಬ್ರೇಕ್‌ಗೆಂದೇ ಇರುವ ಗ್ರೀಸನ್ನು ತೆಳ್ಳಗೆ ಸವರಬೇಕು. ಸಾಮಾನ್ಯ ಗ್ರೀಸ್ ಶಾಖಕ್ಕೆ ಕರಗಿ ಹರಿಯುತ್ತದೆ. ಯಾವ ಗ್ರೀಸೇ ಆಗಲಿ, ಪ್ಯಾಡ್‌ನ ಉಜ್ಜುವ ಮುಖಕ್ಕೋ ಡಿಸ್ಕ್‌ಗೋ ತಗುಲಿದರೆ ಬ್ರೇಕ್ ಹಿಡಿತವೇ ಕುಂದುತ್ತದೆ.