ಕುಲಾಂತರಿ ಆಹಾರದ ಲೇಬಲ್ಲು: ಒಂದು ಭಾಷಿಕ ವಿವೇಚನೆ

ಆಹಾರದ ಪೊಟ್ಟಣದ ಮೇಲಿನ ಬರಹವೂ ಒಂದು ಪಠ್ಯವೇ. ಅನ್ಯಜೀವಿಯ ವಂಶವಾಹಿಯನ್ನು ಸೇರಿಸಿ ಮಾರ್ಪಡಿಸಿದ ಬೆಳೆಗಳಿಂದ ಬರುವ ಆಹಾರವನ್ನು ಕನ್ನಡವು ‘ಕುಲಾಂತರಿ’ ಎಂದು ಹೆಸರಿಸಿದೆ. ಇಂತಹ ಆಹಾರವನ್ನು ಗುರುತಿಸುವ ನಿಯಮಗಳನ್ನು ಪರಿಶೀಲಿಸಿದರೆ, ಅವುಗಳ ನಡುವಣ ಭೇದವು ಬಹುಮಟ್ಟಿಗೆ ಕ್ರಿಯಾರೂಪದ ಭೇದವೆಂಬುದು ವ್ಯಕ್ತವಾಗುತ್ತದೆ.

2012ರ ಅಕ್ಟೋಬರ್ 1ರಿಂದ 5ರವರೆಗೆ ಹೈದರಾಬಾದಿನಲ್ಲಿ ಕಾರ್ಟಜೀನಾ ಜೈವಿಕ ಸುರಕ್ಷತಾ ಒಪ್ಪಂದದ ಸದಸ್ಯರಾಷ್ಟ್ರಗಳ ಆರನೆಯ ಸಭೆ ಸೇರಿತು. ಆ ಒಪ್ಪಂದದ 18ನೆಯ ವಿಧಿಯು, ಆಹಾರಕ್ಕಾಗಿ ದೇಶದಿಂದ ದೇಶಕ್ಕೆ ಸಾಗುವ ಧಾನ್ಯದ ದಾಖಲೆಗಳಲ್ಲಿ ಮಾರ್ಪಡಿಸಿದ ಜೀವಿಗಳು ‘ಇರಬಹುದು’ ಎಂದು ಸೂಚಿಸಬೇಕೆನ್ನುತ್ತದೆ. ಇದು ಸಂಭಾವನಾರ್ಥಕ. ಆದರೆ ಆ ದಾಖಲೆಯ ಓದುಗನು ಬಂದರಿನ ಅಧಿಕಾರಿಯೇ ಹೊರತು ಅಂಗಡಿಯ ಗ್ರಾಹಕನಲ್ಲ.

ಗ್ರಾಹಕನನ್ನು ಉದ್ದೇಶಿಸಿದ ಭಾರತದ ನಿಯಮವು 2013ರ ಜನವರಿ 1ರಂದು ಜಾರಿಗೆ ಬಂದಿತು. ಪೊಟ್ಟಣದ ಮುಖ್ಯ ಫಲಕದ ಮೇಲ್ತುದಿಯಲ್ಲಿ ‘ಜಿ.ಎಂ.’ ಎಂದಿರಬೇಕೆಂಬುದು ಅದರ ವಿಧಿ. ಈ ಎರಡಕ್ಷರಗಳಲ್ಲಿ ಕ್ರಿಯಾಪದವೇ ಇಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಕರಡು ಶೇ. 5ರ, 2021ರ ಕರಡು ಶೇ. 1ರ ಮಿತಿಯನ್ನಿಟ್ಟು ‘ಒಳಗೊಂಡಿದೆ’ ಎಂಬ ನಿಶ್ಚಯಾರ್ಥಕವನ್ನು ಸೂಚಿಸಿದವು. 24 ಬೆಳೆಗಳ ಆಮದಿಗೆ 2021ರ ಮಾರ್ಚ್ 1ರಿಂದ ಅನ್ವಯವಾದ ಆದೇಶವಾದರೋ ‘ಕುಲಾಂತರಿಯಲ್ಲ’ ಎಂಬ ಪ್ರಮಾಣಪತ್ರವನ್ನು ಕೇಳಿತು, ಇದು ನಿಷೇಧಾರ್ಥಕ.

ಈ ಭೇದಗಳು ಕೇವಲ ವ್ಯಾಕರಣದವಲ್ಲ. ಬಿ.ಟಿ. ಹತ್ತಿಗೆ ಭಾರತದಲ್ಲಿ 2002ರಲ್ಲಿ ಅನುಮತಿ ದೊರೆಯಿತು. ರಾಯಚೂರು, ಯಾದಗಿರಿಗಳ ಹೊಲಗಳಲ್ಲೂ ಅದು ಬೆಳೆಯುತ್ತದೆ. ಹತ್ತಿಬೀಜದ ಎಣ್ಣೆ ಅಡುಗೆಗೆ ಬಳಕೆಯಾಗುತ್ತದೆ. ಶುದ್ಧೀಕರಿಸಿದ ಎಣ್ಣೆಯಲ್ಲಿ ವಂಶವಾಹಿಯ ಅಂಶ ಉಳಿಯುವುದು ಅತ್ಯಲ್ಪ. ಆದುದರಿಂದ ಪ್ರಯೋಗಾಲಯದ ಪರೀಕ್ಷೆಯೊಂದರಿಂದಲೇ ಮೂಲವನ್ನು ನಿರ್ಣಯಿಸುವುದು ಕಷ್ಟ. ಇಲ್ಲಿ ‘ಒಳಗೊಂಡಿದೆ’ ಎಂಬ ಮಾತು ಸಾಲದು. ‘ಕುಲಾಂತರಿ ಹತ್ತಿಬೀಜದಿಂದ ತೆಗೆದ ಎಣ್ಣೆ’ ಎಂಬಲ್ಲಿನ ‘ಇಂದ’ ಪ್ರತ್ಯಯವೇ ಮೂಲವನ್ನು ತಿಳಿಸಬಲ್ಲದು. ಅದನ್ನು ಬರೆಯಬೇಕಾದರೆ ಹೊಲದಿಂದ ಗಾಣದವರೆಗಿನ ದಾಖಲೆ ಇರಬೇಕಾಗುತ್ತದೆ.

ಇನ್ನು ಲಿಪಿಯ ಪ್ರಶ್ನೆ. 2020ರ ಲೇಬಲ್ ನಿಯಮಗಳಂತೆ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿರಬೇಕು. ಕನ್ನಡವನ್ನು ಜೊತೆಗೆ ಸೇರಿಸಬಹುದು, ಸೇರಿಸಲೇಬೇಕೆಂದಿಲ್ಲ. ಹೀಗಾಗಿ ಹತ್ತಿ ಬೆಳೆದ ಕನ್ನಡಿಗನಿಗೂ ಅದರ ಎಣ್ಣೆಯ ಪೊಟ್ಟಣವು ಪರಭಾಷೆಯ ಪಠ್ಯವಾಗಿಯೇ ಮರಳಿ ಬರಬಹುದು. ತಿಳಿಯುವ ಹಕ್ಕನ್ನು ಮಾನ್ಯ ಮಾಡುವ ನಿಯಮವು ಓದುಗನ ಭಾಷೆಯನ್ನು ಐಚ್ಛಿಕವಾಗಿ ಬಿಟ್ಟರೆ, ಆ ಹಕ್ಕು ಅಷ್ಟರಮಟ್ಟಿಗೆ ಅಪೂರ್ಣವೆಂದೇ ಹೇಳಬೇಕು. ಕನ್ನಡದಲ್ಲಿ ಪದದ ಕೊರತೆಯಿಲ್ಲ. ಪೊಟ್ಟಣದ ಮೇಲೆ ಅದಕ್ಕೆ ಸ್ಥಾನ ದೊರೆಯಬೇಕಾಗಿದೆ.