ಲೆಟಿಸ್‌ಗೆ ಕಹಿ ಎಲ್ಲಿಂದ ಬಂತು?

ಪ್ರಶ್ನೆ: ತಾರಸಿಯ ಕುಂಡದಲ್ಲಿ ಹಾಕಿದ್ದ ಲೆಟಿಸ್ ಬೇಸಿಗೆ ಶುರುವಾಗುತ್ತಿದ್ದಂತೆ ಸೊಂಟದೆತ್ತರ ಬೆಳೆದಿದೆ. ಎಲೆ ಕಿತ್ತರೆ ಹಾಲು ಸುರಿಯುತ್ತದೆ, ಬಾಯಿಗಿಟ್ಟರೆ ವಿಪರೀತ ಕಹಿ. ಕಾಡುಜಾತಿಯ ಬೀಜ ಕೊಟ್ಟುಬಿಟ್ಟರೇ? ತಿಂದರೆ ಅಪಾಯವೇ?

ಉತ್ತರ: ಬೀಜ ಕೊಟ್ಟವರನ್ನು ಬೈಯಬೇಡಿ. ಗಿಡ ಹೂ ಬಿಡಲು ಹೊರಟಿದೆ, ಅಷ್ಟೇ. ನಾವು ತಿನ್ನುವುದು ಅದರ ಎಳೆತನವನ್ನು. ಸೆಕೆ ಏರಿ ಹಗಲು ಉದ್ದವಾದಂತೆ ನಡುವಿನಿಂದ ದಂಟು ಎದ್ದು, ಹಾಲಿನಲ್ಲಿ ಲ್ಯಾಕ್ಟುಸಿನ್‌ನಂಥ ಕಹಿ ವಸ್ತುಗಳು ಹೆಚ್ಚುತ್ತವೆ. ಹುಳಗಳಿಗೆ ಬೇಡವಾದದ್ದು ನಮಗೂ ರುಚಿಸದು, ಆದರೆ ವಿಷವಲ್ಲ.

ಕಾಡುಜಾತಿಯೇ ಆಗಿದ್ದರೆ ಎಲೆ ಮಗುಚಿದ ಕೂಡಲೇ ಗೊತ್ತಾಗುತ್ತಿತ್ತು. ನಮ್ಮ ಲೆಟಿಸ್‌ನ ಮೂಲವಾದ ಲ್ಯಾಕ್ಟುಕಾ ಸೆರಿಯೋಲಾದ ಎಲೆಯ ಹಿಂಬದಿಯಲ್ಲಿ, ನಡುನರದ ಉದ್ದಕ್ಕೂ ಸಾಲಾಗಿ ಮುಳ್ಳು. ಬಯಲಿನಲ್ಲಿ ಅದರ ದಂಟಿನೆಲೆಗಳು ಬುಡದಲ್ಲೇ ತಿರುಚಿಕೊಂಡು, ಉತ್ತರ-ದಕ್ಷಿಣ ದಿಕ್ಕಿನಲ್ಲಿ ನೆಟ್ಟಗೆ ನಿಲ್ಲುತ್ತವೆ. ನಡುಹಗಲಿನ ಬಿಸಿಲು ಬೀಳುವುದು ಅಂಚಿನ ಮೇಲೆ ಮಾತ್ರ. ಎಷ್ಟು ಚೆನ್ನಾದ ಉಪಾಯ!

ಈ ಮುಳ್ಳುಗಿಡವನ್ನು ಜನ ಮೊದಲು ಸಾಕಿದ್ದು ಸೊಪ್ಪಿಗಲ್ಲ. 445 ಮಾದರಿಗಳ ಜೀನೋಮ್ ಓದಿ 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸುಮಾರು 6,000 ವರ್ಷಗಳ ಹಿಂದೆ ಕಾಕಸಸ್ ಪರ್ವತಗಳ ಆಸುಪಾಸಿನಲ್ಲಿ ಬೀಜ ಉದುರದ ಗಿಡಗಳನ್ನು ಆಯ್ದುಕೊಂಡರು. ಬೀಜ ಬೇಕಿತ್ತು, ಎಣ್ಣೆಗೆ. ಈಜಿಪ್ಟಿನ ಕೆತ್ತನೆಗಳಲ್ಲಿ ಮಿನ್ ದೇವರ ಪಕ್ಕ ನಿಂತಿರುವ ಲೆಟಿಸ್ ಕೂಡ ನಿಮ್ಮ ಗಿಡದಂತೆ ಎತ್ತರದ್ದೇ. ಚೀನಾದವರಂತೂ ದಪ್ಪ ದಂಟಿನ ತಳಿಯನ್ನೇ ಬೆಳೆದು, ಸಿಪ್ಪೆ ಹೆರೆದು ಪಲ್ಯ ಮಾಡುತ್ತಾರೆ.

ಉಳಿದ ಕಾಡುನೆಂಟರೂ ಕೆಲಸಕ್ಕೆ ಬಾರದವರಲ್ಲ. ಲ್ಯಾಕ್ಟುಕಾ ವಿರೋಸಾದ ಹಾಲನ್ನು ಒಣಗಿಸಿ 19ನೇ ಶತಮಾನದ ಯುರೋಪಿನಲ್ಲಿ ನಿದ್ದೆಯ ಮದ್ದೆಂದು ಮಾರುತ್ತಿದ್ದರು. ಈಗ ಅದರಿಂದ ಸಸ್ಯಹೇನು ತಡೆಯುವ ಗುಣವನ್ನು ಸಲಾಡ್ ಲೆಟಿಸ್‌ಗೆ ತಂದಿದ್ದಾರೆ. ಬೂಜುರೋಗ ತಡೆಯುವ ಗುಣಕ್ಕೆ ತಳಿಗಾರರು ಲ್ಯಾಕ್ಟುಕಾ ಸಾಲಿಗ್ನಾದ ಮೊರೆ ಹೋಗುತ್ತಾರೆ.

ನಿಮ್ಮ ಗಿಡ ಕೀಳಬೇಡಿ. ಪುಟ್ಟ ಹಳದಿ ಹೂಗಳು ಬೆಳಿಗ್ಗೆ ಕೆಲವೇ ಗಂಟೆ ಅರಳಿ ಮುಚ್ಚಿಕೊಳ್ಳುತ್ತವೆ. ಪರಾಗಸ್ಪರ್ಶಕ್ಕೆ ಜೇನಿನ ಹಂಗಿಲ್ಲ. ಹೂ ತನ್ನಲ್ಲೇ ಪೂರೈಸಿಕೊಳ್ಳುತ್ತದೆ. ಬೀಜದ ಮೇಲೆ ಬಿಳಿ ತುಪ್ಪುಳು ಕಂಡಾಗ ಕಾಗದದ ಚೀಲದೊಳಗೆ ಕೊಡವಿಟ್ಟುಕೊಂಡು, ಮಳೆ ಕಳೆದು ಚಳಿ ಬಿದ್ದ ಮೇಲೆ ಬಿತ್ತಿ. 30 ಡಿಗ್ರಿ ದಾಟಿದರೆ ಹೆಚ್ಚಿನ ತಳಿಗಳು ಮೊಳೆಯಲು ಹಿಂದೇಟು ಹಾಕುತ್ತವೆ. ಕೆಲವಕ್ಕೆ ಬೆಳಕೂ ಬೇಕು. ಹಾಗಾಗಿ ಮೇಲೆ ಮಣ್ಣು ತೆಳ್ಳಗೆ ಉದುರಿಸಿದರೆ ಸಾಕು.